ಎಣಿಸಿ ಗುಟ್ಟು ಬಿಡಿಸಿದ ಅಲ್ ಕಿಂದಿ: ನಮ್ಮ ಪಾಸ್‌ವರ್ಡ್‌ಗಳಿಗೆ ಒಂದು ಪಾಠ



ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಕಾಫಿ ಮೂಟೆ ಸೇರಿದ ಮೇಲೆ ನಮ್ಮ ಮೂಡಿಗೆರೆ, ಕಳಸದ ಕಡೆಯ ಮನೆಗಳಲ್ಲಿ ಗೋಡೌನಿನ ಬೀಗವನ್ನು ಎಷ್ಟು ಸಲ ಜಗ್ಗಿ ನೋಡುತ್ತಾರೆಂಬುದು ನಿಮಗೆ ಗೊತ್ತಿದೆ. ವರ್ಷದ ದುಡಿಮೆಯೆಲ್ಲ ಒಳಗಿದೆ, ಜೋಪಾನ ಮಾಡಲೇಬೇಕು. ಆದರೆ ಅದೇ ಮನೆಯ ಕಂಪ್ಯೂಟರಿನಲ್ಲಿ ತೋಟದ ಲೆಕ್ಕವಿದೆ, ಬ್ಯಾಂಕಿನ ಕಾಗದಗಳಿವೆ, ಮಕ್ಕಳ ಅಂಕಪಟ್ಟಿಗಳಿವೆ, ಮದುವೆಯ ಫೋಟೋಗಳಿವೆ. ಅದಕ್ಕೆ ಹಾಕಿದ ಬೀಗ ಯಾವುದು? ಹೆಚ್ಚಿನ ಮನೆಗಳಲ್ಲಿ ಅದು ಮಗುವಿನ ಹೆಸರು, ಅದರ ಮುಂದೆ 123.

ಒಮ್ಮೆ ತರಗತಿಯಲ್ಲಿ ಈ ಮಾತು ಬಂದಾಗ ನಾನು ಕಪ್ಪುಹಲಗೆಯ ಮೇಲೆ ಆರು ಸಾಲು ಬರೆದೆ: ತನ್ನ ಹೆಸರು, ಮನೆಯವರ ಹೆಸರು, ಹುಟ್ಟಿದ ದಿನ, ಮೊಬೈಲ್ ನಂಬರ್, 786, ಮತ್ತು 123456. ಯಾರೂ ತಮ್ಮ ಪಾಸ್‌ವರ್ಡ್ ಹೇಳಬೇಕಾಗಿಲ್ಲ, ಈ ಆರರಲ್ಲಿ ಯಾವುದಾದರೂ ಒಂದು ಅದರಲ್ಲಿ ಸೇರಿದ್ದರೆ ಕೈ ಎತ್ತಿದರೆ ಸಾಕು ಎಂದೆ. ಬಹುತೇಕ ಎಲ್ಲ ಕೈಗಳೂ ಮೇಲೆದ್ದವು. ಒಬ್ಬ ಹುಡುಗ ಎದ್ದು ನಿಂತು, ನಮ್ಮ ಗುಟ್ಟು ನಿಮಗೆ ಹೇಗೆ ತಿಳಿಯಿತು ಎಂದು ಕೇಳಿದ. ನನಗೆ ಯಾರ ಗುಟ್ಟೂ ತಿಳಿದಿರಲಿಲ್ಲ. ಮನುಷ್ಯರು ಸಾಮಾನ್ಯವಾಗಿ ಏನು ಬರೆಯುತ್ತಾರೆಂಬುದಷ್ಟೇ ತಿಳಿದಿತ್ತು. ಗುಟ್ಟು ಬಿಡಿಸಲು ಅಷ್ಟೇ ಸಾಕು ಎಂಬುದನ್ನು ಸುಮಾರು ಹನ್ನೊಂದೂವರೆ ಶತಮಾನಗಳ ಹಿಂದೆ ಬಗ್ದಾದಿನಲ್ಲಿ ಕುಳಿತು ಲೆಕ್ಕ ಹಾಕಿ ತೋರಿಸಿದವರು ಒಬ್ಬರಿದ್ದಾರೆ. ಅವರೇ ಅಬೂ ಯೂಸುಫ್ ಯಾಕೂಬ್ ಇಬ್ನ್ ಇಸ್‌ಹಾಕ್ ಅಲ್ ಕಿಂದಿ. ಈ ಸಂಚಿಕೆಯಲ್ಲಿ ಅವರ ಬದುಕನ್ನು ನಿಮ್ಮ ಮುಂದಿಡುತ್ತಿದ್ದೇನೆ. ಕೊನೆಯಲ್ಲಿ ನಿಮ್ಮ ಕಂಪ್ಯೂಟರಿನ ಪಾಸ್‌ವರ್ಡಿಗೂ ಬರೋಣ.

ರಾಜ್ಯಪಾಲರ ಮಗ

ಅಲ್ ಕಿಂದಿ ಹುಟ್ಟಿದ್ದು ಕ್ರಿ.ಶ. 801ರ ಸುಮಾರಿಗೆ, ಇಂದಿನ ಇರಾಕಿನಲ್ಲಿ. ಆಗ ಖಲೀಫ ಹಾರೂನ್ ರಶೀದರ ಆಳ್ವಿಕೆ. ತಂದೆ ಇಸ್‌ಹಾಕ್ ಇಬ್ನ್ ಅಸ್ಸಬ್ಬಾಹ್ ಕೂಫಾ ಪಟ್ಟಣದ ರಾಜ್ಯಪಾಲರಾಗಿದ್ದರು. ಅರೇಬಿಯಾದ ಹಳೆಯ ಮತ್ತು ಹೆಸರಾಂತ ಕಿಂದಾ ಬುಡಕಟ್ಟು ಅವರದು. ಹೆಸರಿನ ಕೊನೆಯ ಪದ ಬಂದದ್ದು ಅಲ್ಲಿಂದಲೇ. ಅವರ ಪೂರ್ವಜರಲ್ಲಿ ಒಬ್ಬರಾದ ಅಶ್‌ಅಸ್ ಇಬ್ನ್ ಕೈಸ್ ಪ್ರವಾದಿ(ಸ)ಯವರ ಕಾಲದವರು, ಅವರ ಸಂಗಾತಿಗಳಲ್ಲಿ ಎಣಿಸಲ್ಪಟ್ಟವರು.

ಇಂತಹ ಮನೆತನದ ಹುಡುಗ ಅಧಿಕಾರಿಯಾಗಿಯೋ ಜಮೀನ್ದಾರನಾಗಿಯೋ ಸುಖವಾಗಿ ಬದುಕಬಹುದಿತ್ತು. ಅಲ್ ಕಿಂದಿ ಓದಿನ ದಾರಿ ಹಿಡಿದರು. ಕೂಫಾ ಆಗ ಅರಬಿ ವ್ಯಾಕರಣಕ್ಕೂ ಭಾಷಾಶಾಸ್ತ್ರಕ್ಕೂ ಹೆಸರಾಗಿದ್ದ ಊರು. ಪದ ಹೇಗೆ ಹುಟ್ಟುತ್ತದೆ, ಯಾವ ಅಕ್ಷರದ ಪಕ್ಕ ಯಾವ ಅಕ್ಷರ ಬರುತ್ತದೆ, ಯಾವುದು ಬರುವುದೇ ಇಲ್ಲ ಎಂಬುದನ್ನು ಅಲ್ಲಿನ ವಿದ್ವಾಂಸರು ಬಹಳ ಸೂಕ್ಷ್ಮವಾಗಿ ಚರ್ಚಿಸುತ್ತಿದ್ದರು. ವ್ಯಾಕರಣ ಓದಿ ಏನು ಪ್ರಯೋಜನ ಎಂದು ಕೇಳುವ ವಿದ್ಯಾರ್ಥಿಗಳು ಈ ಮಾತನ್ನು ನೆನಪಿನಲ್ಲಿಡಬೇಕು. ಮುಂದೆ ಗುಪ್ತಲಿಪಿಯ ಬಾಗಿಲು ತೆರೆಯಲು ಅಲ್ ಕಿಂದಿಯವರಿಗೆ ಒದಗಿದ ಕೀಲಿಕೈಗಳಲ್ಲಿ ಒಂದು ಗಣಿತ, ಇನ್ನೊಂದು ಇದೇ ವ್ಯಾಕರಣ.

ಬಗ್ದಾದಿನಲ್ಲಿ

ಹೆಚ್ಚಿನ ಓದಿಗಾಗಿ ಅವರು ಬಗ್ದಾದಿಗೆ ಬಂದರು. ಖಲೀಫ ಮಾಮೂನರ (813–833) ಕಾಲದಲ್ಲಿ ಆ ನಗರದಲ್ಲಿ ಬೈತುಲ್ ಹಿಕ್ಮಾ ಎಂಬ ಜ್ಞಾನಗೃಹದ ಕೆಲಸ ಭರದಿಂದ ಸಾಗಿತ್ತು. ಗ್ರೀಕ್, ಸಿರಿಯಾಕ್, ಪಾರಸಿ, ಸಂಸ್ಕೃತ ಭಾಷೆಗಳ ಗ್ರಂಥಗಳು ಅರಬಿಗೆ ಬರುತ್ತಿದ್ದವು. ಕಾಗದ ಮಾಡುವ ವಿದ್ಯೆ ಚೀನಾದ ಕಡೆಯಿಂದ ಬಂದು ನೆಲೆಸಿದ್ದರಿಂದ ಪುಸ್ತಕ ಅಗ್ಗವಾಗಿತ್ತು. ಅಲ್ ಕಿಂದಿಯವರ ಸುತ್ತ ಅನುವಾದಕರ ಒಂದು ತಂಡವೇ ಬೆಳೆಯಿತು. ಅವರಿಗಾಗಿ ಅರಿಸ್ಟಾಟಲನ ಕೃತಿಗಳು ಅರಬಿಗೆ ಬಂದವು. ಸತ್ಯ ಯಾವ ಜನಾಂಗದಿಂದ ಬಂದರೂ, ಎಷ್ಟು ದೂರದಿಂದ ಬಂದರೂ ಅದನ್ನು ಸ್ವೀಕರಿಸಲು ನಾಚಬಾರದು ಎಂಬುದು ಅವರ ದೃಢವಾದ ನಿಲುವಾಗಿತ್ತು.

ಮಾಮೂನರ ನಂತರ ಬಂದ ಖಲೀಫ ಮುಅ್ತಸಿಮ್ (833–842) ಅವರನ್ನು ತಮ್ಮ ಮಗ ಅಹ್ಮದನ ಗುರುವಾಗಿ ನೇಮಿಸಿದರು. ಮೂಲ ತತ್ವಶಾಸ್ತ್ರದ ಬಗೆಗಿನ ತಮ್ಮ ಪ್ರಸಿದ್ಧ ಗ್ರಂಥವನ್ನು ಅಲ್ ಕಿಂದಿ ಈ ಖಲೀಫರಿಗೆ ಅರ್ಪಿಸಿದರು. ಮುಂದಿನವರು ಅವರನ್ನು ಫೈಲಸೂಫುಲ್ ಅರಬ್, ಅಂದರೆ ಅರಬರ ದಾರ್ಶನಿಕ ಎಂದು ಕರೆದರು.

ಅವರು ಕೈಯಾಡಿಸದ ವಿಷಯ ಕಡಿಮೆ. ಖಗೋಳ, ವೈದ್ಯ, ದೃಷ್ಟಿವಿಜ್ಞಾನ, ಸಂಗೀತ, ಸುಗಂಧದ್ರವ್ಯ, ಉಬ್ಬರವಿಳಿತ, ಖಡ್ಗದ ಉಕ್ಕು, ದುಃಖವನ್ನು ದೂರ ಮಾಡುವ ಬಗೆ ಹೀಗೆ ಬರೆಯುತ್ತಲೇ ಹೋದರು. ಹತ್ತನೆಯ ಶತಮಾನದ ಬಗ್ದಾದಿನ ಪುಸ್ತಕ ವ್ಯಾಪಾರಿ ಇಬ್ನ್ ನದೀಮ್ ತಮ್ಮ ಗ್ರಂಥಸೂಚಿಯಲ್ಲಿ ಅಲ್ ಕಿಂದಿಯವರ 200ಕ್ಕೂ ಹೆಚ್ಚು ಕೃತಿಗಳನ್ನು ಪಟ್ಟಿ ಮಾಡಿದ್ದಾರೆ. ಭಾರತದ ಅಂಕಿಗಳ ಬಳಕೆಯ ಬಗ್ಗೆಯೂ ಅವರು ಬರೆದರು. ಅಲ್ ಖ್ವಾರಿಝ್ಮಿ ಮತ್ತು ಅಲ್ ಕಿಂದಿಯಂತಹವರ ಬರಹಗಳ ಮೂಲಕವೇ ನಮ್ಮ ನಾಡಿನ ಅಂಕಿಗಳು ಅರಬ್ ಜಗತ್ತಿನಲ್ಲಿ ಹರಡಿ ಮುಂದೆ ಯೂರೋಪನ್ನು ತಲುಪಿದವು.

ಇಲ್ಲಿ ಉರ್ದು ಓದುವ ಮಕ್ಕಳಿಗೆ ಒಂದು ಸ್ವಾರಸ್ಯ ಹೇಳಬೇಕು. ಸೊನ್ನೆಗೆ ನೀವು ಸಿಫ್ರ್ ಎನ್ನುತ್ತೀರಲ್ಲ, ಅದು ಅರಬಿ ಪದ. ಸಂಸ್ಕೃತದ ಶೂನ್ಯ ಎಂಬುದಕ್ಕೆ ಅರಬರು ಕೊಟ್ಟ ಸಮಾನಪದ ಅದು. ಅದೇ ಸಿಫ್ರ್ ಯೂರೋಪಿಗೆ ಹೋಗಿ, ಬಾಯಿಂದ ಬಾಯಿಗೆ ಬದಲಾಗಿ, ಇಂಗ್ಲಿಷಿನಲ್ಲಿ ಸೈಫರ್ ಆಯಿತು. ಸೈಫರ್ ಎಂದರೆ ಇಂದು ಗುಪ್ತಲಿಪಿ. ಕಂಪ್ಯೂಟರ್ ಭದ್ರತೆಯ ಪುಸ್ತಕಗಳಲ್ಲಿ ಪುಟಪುಟಕ್ಕೂ ಬರುವ ಈ ಪದದೊಳಗೆ ನಮ್ಮ ಸೊನ್ನೆಯೇ ಕುಳಿತಿದೆ.

ಎಣಿಕೆಯಿಂದ ಬಿಡಿಸಿದ ಗುಟ್ಟು

ಅಬ್ಬಾಸಿ ಸಾಮ್ರಾಜ್ಯ ಬಹಳ ವಿಸ್ತಾರವಾಗಿತ್ತು. ತೆರಿಗೆಯ ಲೆಕ್ಕ, ಸೈನ್ಯದ ಸುದ್ದಿ, ರಾಜ್ಯಪಾಲರ ದೂರು ಎಲ್ಲವೂ ಪತ್ರಗಳ ಮೂಲಕವೇ ಸಾಗಬೇಕಾಗಿತ್ತು. ದಾರಿಯಲ್ಲಿ ಯಾರಾದರೂ ಒಡೆದು ಓದಿದರೆ ಎಂಬ ಭಯದಿಂದ ಕೆಲವು ಪತ್ರಗಳನ್ನು ಗುಪ್ತಲಿಪಿಯಲ್ಲಿ ಬರೆಯುತ್ತಿದ್ದರು. ಅದರ ಸರಳ ವಿಧಾನ ಹೀಗೆ: ಪ್ರತಿ ಅಕ್ಷರಕ್ಕೂ ಬೇರೊಂದು ಅಕ್ಷರ ಅಥವಾ ಗುರುತನ್ನು ಗೊತ್ತು ಮಾಡುವುದು. ಕನ್ನಡದಲ್ಲಿ ನೋಡುವುದಾದರೆ, ವರ್ಣಮಾಲೆಯಲ್ಲಿ ಮುಂದೆ ಬರುವ ವ್ಯಂಜನವನ್ನು ಬಳಸುತ್ತೇವೆಂದು ಇಟ್ಟುಕೊಳ್ಳಿ. ಆಗ ಮರ ಎಂಬುದು ಯಲ ಆಗುತ್ತದೆ, ಮನೆ ಎಂಬುದು ಯಪೆ ಆಗುತ್ತದೆ. ಕೀಲಿ ಗೊತ್ತಿಲ್ಲದವನಿಗೆ ಅದು ಅರ್ಥವಿಲ್ಲದ ಬರಹ. ಅಕ್ಷರಗಳನ್ನು ಕ್ರಮವಿಲ್ಲದೆ ಅದಲುಬದಲು ಮಾಡಿದರಂತೂ ಅಸಂಖ್ಯ ಸಾಧ್ಯತೆಗಳು. ಒಂದೊಂದನ್ನೇ ಪರೀಕ್ಷಿಸಲು ಒಂದು ಆಯುಷ್ಯ ಸಾಲದು. ಆದ್ದರಿಂದ ಇದು ಭದ್ರವೆಂದು ಎಲ್ಲರೂ ನಂಬಿದ್ದರು.

ಅಲ್ ಕಿಂದಿ ಒಂದೊಂದನ್ನೇ ಪರೀಕ್ಷಿಸಲು ಹೋಗಲಿಲ್ಲ. ಅವರು ಎಣಿಸಿದರು. ಅದೇ ಭಾಷೆಯ ಸಾಮಾನ್ಯ ಬರಹವೊಂದನ್ನು ಸಾಕಷ್ಟು ಉದ್ದಕ್ಕೆ ತೆಗೆದುಕೊಂಡು, ಅದರಲ್ಲಿ ಪ್ರತಿ ಅಕ್ಷರ ಎಷ್ಟು ಸಲ ಬಂದಿದೆ ಎಂದು ಲೆಕ್ಕ ಹಾಕಿ, ಹೆಚ್ಚು ಬಂದದ್ದರಿಂದ ಕಡಿಮೆ ಬಂದದ್ದರವರೆಗೆ ಸಾಲಾಗಿ ಬರೆದರು. ಅರಬಿಯಲ್ಲಿ ಅಲಿಫ್ ಮೊದಲು, ಲಾಮ್ ಎರಡನೆಯದು. ನಂತರ ಗುಪ್ತಪತ್ರದ ಗುರುತುಗಳನ್ನೂ ಹಾಗೆಯೇ ಎಣಿಸಿ ಸಾಲು ಮಾಡುವುದು. ಅತಿ ಹೆಚ್ಚು ಬಂದ ಗುರುತು ಅಲಿಫ್ ಇರಬಹುದು, ನಂತರದ್ದು ಲಾಮ್ ಇರಬಹುದು ಎಂದು ಹೊಂದಿಸುತ್ತಾ ಹೋದರೆ ಪತ್ರ ತಾನಾಗಿ ಬಾಯಿ ಬಿಡುತ್ತದೆ. ಇದರ ಜೊತೆಗೆ ಯಾವ ಅಕ್ಷರಗಳು ಒಟ್ಟಿಗೆ ಬರುತ್ತವೆ, ಯಾವುವು ಬರುವುದಿಲ್ಲ ಎಂಬ ವ್ಯಾಕರಣದ ತಿಳಿವಳಿಕೆಯನ್ನೂ ಅವರು ಬಳಸಿದರು. ಗುಪ್ತಪತ್ರಗಳನ್ನು ಬಿಡಿಸುವ ಬಗ್ಗೆ ಅವರು ಬರೆದ ಪುಟ್ಟ ಗ್ರಂಥವೇ ಈ ವಿಧಾನವನ್ನು ವಿವರಿಸುವ, ನಮಗೆ ಸಿಕ್ಕಿರುವ ಅತಿ ಹಳೆಯ ಬರಹ.

ಇದನ್ನು ನೀವೂ ಮಾಡಿ ನೋಡಬಹುದು. ನನ್ನ ತರಗತಿಯ ಮಕ್ಕಳು ಪಠ್ಯಪುಸ್ತಕದ ಒಂದೊಂದು ಪುಟ ಹಂಚಿಕೊಂಡು ಎಣಿಸಿದರು. ಕನ್ನಡದಲ್ಲಿ ರ, ದ, ನ, ಲ ಸಾಲು ಸಾಲಾಗಿ ಬಂದವು. ಝ, ಢ ಹುಡುಕಿದರೂ ಸಿಗುವುದು ಕಷ್ಟವಾಯಿತು. ಉರ್ದುವಿನಲ್ಲಿ ಅಲಿಫ್ ಎಲ್ಲೆಲ್ಲೂ ಇತ್ತು. ಝೆ ಎಂಬ ಪಾರಸಿ ಮೂಲದ ಅಕ್ಷರ ಪುಟ ತಿರುವಿದರೂ ಕಾಣಲಿಲ್ಲ.

ಇನ್ನೊಂದು ಉಪಾಯವೂ ಆ ಕಾಲದ ವಿದ್ವಾಂಸರಿಗೆ ತಿಳಿದಿತ್ತು. ಪತ್ರಗಳೆಲ್ಲ ಸಾಮಾನ್ಯವಾಗಿ ಬಿಸ್ಮಿಲ್ಲಾದಿಂದ ಶುರುವಾಗುತ್ತವೆ, ನಂತರ ಗೌರವದ ಸಂಬೋಧನೆ ಬರುತ್ತದೆ. ಗುಪ್ತಲಿಪಿಯ ಪತ್ರದಲ್ಲೂ ಮೊದಲ ಸಾಲು ಅದೇ ಇರಬೇಕು ಎಂದು ಊಹಿಸಿದರೆ ಹಲವು ಅಕ್ಷರಗಳು ಒಮ್ಮೆಗೇ ಕೈಗೆ ಸಿಗುತ್ತವೆ. ಬರೆದವನ ಅಭ್ಯಾಸವೇ ಅವನ ಗುಟ್ಟನ್ನು ಬಿಟ್ಟುಕೊಟ್ಟಿತು. ಓದುಗರೇ, ಈಗ ನಾನು ಹಲಗೆಯ ಮೇಲೆ ಬರೆದ ಐದನೆಯ ಸಾಲನ್ನು ನೆನಪಿಸಿಕೊಳ್ಳಿ. ಬಿಸ್ಮಿಲ್ಲಾದ ಅಕ್ಷರಗಳ ಅಬ್ಜದ್ ಮೊತ್ತವೆಂದು ನಮ್ಮಲ್ಲಿ ಅನೇಕರು 786 ಅನ್ನು ಗೌರವದಿಂದ ಬಳಸುತ್ತಾರೆ. ಆದರೆ ಅದನ್ನು ಬೀಗಕ್ಕೆ ಹಾಕಿದರೆ, ಬಗ್ದಾದಿನವರು ಪತ್ರದ ಮೊದಲ ಸಾಲನ್ನು ಊಹಿಸಿದಷ್ಟೇ ಸುಲಭವಾಗಿ ಯಾರೂ ಊಹಿಸುತ್ತಾರೆ. ಗೌರವದ ವಸ್ತು ಮನಸ್ಸಿನಲ್ಲಿರಲಿ, ಬೀಗದಲ್ಲಿ ಬೇಡ.

ಕೈತಪ್ಪಿದ ಗ್ರಂಥಾಲಯ

ವಿದ್ವಾಂಸರ ಬದುಕು ಯಾವಾಗಲೂ ನೆಮ್ಮದಿಯದಾಗಿರುವುದಿಲ್ಲ. 847ರಲ್ಲಿ ಮುತವಕ್ಕಿಲ್ ಖಲೀಫರಾದ ಮೇಲೆ ಆಸ್ಥಾನದ ವಾತಾವರಣ ಬದಲಾಯಿತು. ಆಗ ಬಗ್ದಾದಿನ ವಿದ್ವಾಂಸರಲ್ಲಿ ಬನೂ ಮೂಸಾ ಸಹೋದರರು ಪ್ರಬಲರಾಗಿದ್ದರು. ಅವರೂ ಸಾಮಾನ್ಯರಲ್ಲ, ಗಣಿತದಲ್ಲಿ, ಯಂತ್ರವಿದ್ಯೆಯಲ್ಲಿ ಅವರ ಹೆಸರು ದೊಡ್ಡದು. ಆದರೆ ಅಸೂಯೆ ದೊಡ್ಡವರನ್ನೂ ಬಿಡುವುದಿಲ್ಲ. ವೈದ್ಯರ ಮತ್ತು ವಿದ್ವಾಂಸರ ಜೀವನ ಬರೆದ ಹದಿಮೂರನೆಯ ಶತಮಾನದ ಇಬ್ನ್ ಅಬೀ ಉಸೈಬಿಯಾ ಈ ಪ್ರಸಂಗವನ್ನು ದಾಖಲಿಸಿದ್ದಾರೆ. ಸಹೋದರರಾದ ಮುಹಮ್ಮದ್ ಮತ್ತು ಅಹ್ಮದ್ ಖಲೀಫರ ಬಳಿ ಚಾಡಿ ಹೇಳಿದರು. ಅಲ್ ಕಿಂದಿ ಏಟು ತಿಂದರು. ಅವರ ಪುಸ್ತಕಗಳೆಲ್ಲ ಜಪ್ತಿಯಾಗಿ ಆ ಸಹೋದರರ ಕೈ ಸೇರಿದವು. ಆ ಸಂಗ್ರಹ ಎಷ್ಟು ದೊಡ್ಡದಿತ್ತೆಂದರೆ ಅದಕ್ಕೆ ಪ್ರತ್ಯೇಕ ಜಾಗ ಮಾಡಿ ಕಿಂದಿಯ್ಯಾ ಎಂದೇ ಹೆಸರಿಟ್ಟಿದ್ದರಂತೆ.

ಒಂದು ಕ್ಷಣ ಯೋಚಿಸಿ. ಅಚ್ಚಿನ ಯಂತ್ರವಿಲ್ಲದ ಕಾಲ. ಒಂದೊಂದು ಪುಸ್ತಕವೂ ಕೈಬರಹದ್ದು. ಐವತ್ತರ ಗಡಿಯಲ್ಲಿದ್ದ ವಿದ್ವಾಂಸರೊಬ್ಬರು ಬರೆದದ್ದು, ಕೂಡಿಟ್ಟದ್ದು ಎಲ್ಲವೂ ಒಂದೇ ಏಟಿಗೆ ಹೋಯಿತು. ಅವರ ದುಃಖ ಎಷ್ಟಿರಬಹುದು! ಆಸ್ತಿ ಕಳೆದುಕೊಂಡವನ ದುಃಖವನ್ನು ಹೇಗೆ ತಣಿಸಿಕೊಳ್ಳಬೇಕೆಂದು ಪುಸ್ತಕ ಬರೆದಿದ್ದವರೂ ಅವರೇ.

ಪುಸ್ತಕಗಳು ಮರಳಿ ಬಂದ ಬಗೆ ಇನ್ನೂ ಸ್ವಾರಸ್ಯಕರ. ಮುತವಕ್ಕಿಲ್ ಸಾಮರ್ರಾ ಬಳಿ ಹೊಸ ಪಟ್ಟಣ ಕಟ್ಟಿಸುತ್ತಿದ್ದರು. ಅಲ್ಲಿಗೆ ಕಾಲುವೆ ತೋಡಿಸುವ ಹೊಣೆಯನ್ನು ಬನೂ ಮೂಸಾ ಸಹೋದರರಿಗೆ ಒಪ್ಪಿಸಿದ್ದರು. ಅವರು ಅದನ್ನು ಖಗೋಳಜ್ಞ ಫರ್‌ಗಾನಿಗೆ ವಹಿಸಿದರು. ಫರ್‌ಗಾನಿಯ ಲೆಕ್ಕ ತಪ್ಪಿತು. ಕಾಲುವೆಯ ಬಾಯಿಯನ್ನು ಉಳಿದ ಭಾಗಕ್ಕಿಂತ ಆಳವಾಗಿ ತೋಡಿದರು. ನದಿ ತುಂಬಿ ಹರಿದಾಗ ಮಾತ್ರ ನೀರು ಮುಂದೆ ಹೋಗುವಂತಾಯಿತು. ಸುದ್ದಿ ತಿಳಿದ ಖಲೀಫ ಕೆರಳಿದರು. ತಪ್ಪು ನಿಜವಾದರೆ ಸಹೋದರರಿಗೆ ಮರಣದಂಡನೆಯೇ ಗತಿ. ಪರೀಕ್ಷೆಗೆ ಬಂದವರು ಸನದ್ ಇಬ್ನ್ ಅಲೀ ಎಂಬ ಇಂಜಿನಿಯರ್. ಹಿಂದೆ ಈ ಸಹೋದರರಿಂದಲೇ ತೊಂದರೆ ಅನುಭವಿಸಿದವರು ಅವರು.

ಸಹೋದರರು ಸನದರ ಮುಂದೆ ಅಂಗಲಾಚಿದರು. ಸನದ್ ತಮ್ಮ ಹಳೆಯ ನೋವಿನ ಮಾತೆತ್ತಲಿಲ್ಲ. ತಮಗೂ ಅಲ್ ಕಿಂದಿಗೂ ಅಂತಹ ಸ್ನೇಹವೇನೂ ಇಲ್ಲ, ಆದರೂ ಅವರಿಗೆ ನೀವು ಮಾಡಿದ್ದು ಅನ್ಯಾಯ. ಮೊದಲು ಅವರ ಪುಸ್ತಕಗಳನ್ನು ಹಿಂದಿರುಗಿಸಿ ಎಂದು ಷರತ್ತು ಹಾಕಿದರು. ಪುಸ್ತಕಗಳೆಲ್ಲ ಹೋದವು. ಕೊನೆಯ ಪುಸ್ತಕದವರೆಗೂ ಕೈಸೇರಿದೆ ಎಂದು ಅಲ್ ಕಿಂದಿ ತಮ್ಮ ಕೈಯಾರೆ ಬರೆದ ರಸೀದಿ ಬಂದ ಮೇಲೆಯೇ ಸನದ್ ಬಾಯಿ ತೆರೆದರು. ನದಿಯಲ್ಲಿ ನೀರು ಹೆಚ್ಚಿರುವ ನಾಲ್ಕು ತಿಂಗಳು ಕಾಲುವೆಯ ದೋಷ ಕಾಣಿಸುವುದಿಲ್ಲ; ಅಷ್ಟರೊಳಗೆ ಏನಾಗುವುದೋ ನೋಡೋಣ ಎಂದು ಖಲೀಫರ ಮುಂದೆ ಅವರನ್ನು ಉಳಿಸಿದರು. ನೀರು ಇಳಿಯುವ ಮೊದಲೇ, 861ರ ಡಿಸೆಂಬರಿನಲ್ಲಿ, ಖಲೀಫರ ಹತ್ಯೆಯಾಯಿತು.

ಅಲ್ ಕಿಂದಿ ಬಗ್ದಾದಿನಲ್ಲಿಯೇ 873ರ ಸುಮಾರಿಗೆ ತೀರಿಕೊಂಡರು.

ಮರಳಿ ಸಿಕ್ಕ ಪುಸ್ತಿಕೆ

ಅವರ ಕೃತಿಗಳಲ್ಲಿ ಹೆಚ್ಚಿನವು ಕಾಲದ ಹೊಡೆತಕ್ಕೆ ಸಿಕ್ಕಿ ಕಾಣೆಯಾದವು. ಗುಪ್ತಪತ್ರಗಳ ಪುಸ್ತಿಕೆಯೂ ಕಳೆದುಹೋಯಿತೆಂದೇ ಬಹುಕಾಲ ತಿಳಿಯಲಾಗಿತ್ತು. ಆದರೆ ಅದರ ಒಂದು ಪ್ರತಿ ಇಸ್ತಾಂಬುಲಿನ ಸುಲೈಮಾನಿಯಾ ಗ್ರಂಥಾಲಯದಲ್ಲಿ ಇತ್ತು. ಅದನ್ನು ಗುರುತಿಸಿದ ವಿದ್ವಾಂಸರು 1987ರಲ್ಲಿ ದಮಾಸ್ಕಸಿನಿಂದ ಅಚ್ಚು ಮಾಡಿ ಪ್ರಕಟಿಸಿದರು. ಯಾರೋ ಒಬ್ಬ ಲಿಪಿಕಾರ ಹಿಂದೊಮ್ಮೆ ಒಂದು ಪ್ರತಿ ಎತ್ತಿಟ್ಟಿದ್ದರಿಂದ ಒಂದು ಶಾಸ್ತ್ರದ ಮೊದಲ ಪಾಠ ಜಗತ್ತಿಗೆ ಉಳಿಯಿತು.

ಎಣಿಕೆಗೆ ಸಿಗದ ಪಾಸ್‌ವರ್ಡ್

ಈಗ ನಮ್ಮ ಕಂಪ್ಯೂಟರಿಗೆ ಬರೋಣ. ಪಾಸ್‌ವರ್ಡ್ ಮುರಿಯುವವರು ಇಂದು ಮಾಡುವುದೂ ಅಲ್ ಕಿಂದಿ ತೋರಿಸಿದ ಕೆಲಸವನ್ನೇ: ಜನ ಯಾವುದನ್ನು ಹೆಚ್ಚು ಬಳಸುತ್ತಾರೆಂದು ಎಣಿಸಿ, ಸಾಲು ಮಾಡಿ, ಮೇಲಿನಿಂದ ಪರೀಕ್ಷಿಸುವುದು. 2009ರಲ್ಲಿ ರಾಕ್‌ಯೂ ಎಂಬ ಅಮೆರಿಕದ ಕಂಪನಿಯಿಂದ ಸುಮಾರು 3.2 ಕೋಟಿ ಪಾಸ್‌ವರ್ಡ್‌ಗಳು ಸೋರಿಹೋದವು. ಅವುಗಳನ್ನು ಎಣಿಸಿದಾಗ ಮೊದಲ ಸ್ಥಾನದಲ್ಲಿದ್ದುದು 123456, ಸುಮಾರು 2.9 ಲಕ್ಷ ಜನ ಅದನ್ನೇ ಇಟ್ಟುಕೊಂಡಿದ್ದರು. ಅಂತಹ ಪಟ್ಟಿಗಳೇ ಇಂದು ಕಳ್ಳರ ಕೈಯ ಕೀಲಿಗೊಂಚಲು. ಹೆಸರಿನಲ್ಲಿ ಎ ಅಕ್ಷರದ ಬದಲು @ ಹಾಕುವುದು, ಎಸ್ ಬದಲು $ ಹಾಕುವುದು, ಕೊನೆಯಲ್ಲಿ ಹುಟ್ಟಿದ ವರ್ಷ ಸೇರಿಸುವುದು, ಕೀಬೋರ್ಡಿನ ಮೇಲ್ಸಾಲನ್ನು ವರಸೆಯಾಗಿ ಒತ್ತುವುದು ಇವೆಲ್ಲವೂ ಆ ಲೆಕ್ಕದಲ್ಲಿ ಸೇರಿವೆ. ಪ್ರಸಿದ್ಧ ಶೇರ್, ಸಿನಿಮಾ ಹಾಡಿನ ಸಾಲು, ಊರಿನ ಹೆಸರು, ತೋಟದ ಹೆಸರು ಇವೂ ಬೇಡ.

ಹಾಗಾದರೆ ಬಲವಾದ ಪಾಸ್‌ವರ್ಡ್ ಯಾವುದು? ಎರಡು ಗುಣಗಳು ಸಾಕು: ಉದ್ದವಿರಬೇಕು, ಮತ್ತು ನಿಮ್ಮ ಬದುಕಿನಿಂದ ಬಂದಿರಬಾರದು.

ಉದ್ದದ ಲೆಕ್ಕ ನೋಡಿ. ನಾಲ್ಕು ಅಂಕಿಯ ಸಂಖ್ಯೆಗೆ ಇರುವ ಸಾಧ್ಯತೆ 10,000 ಮಾತ್ರ. ಇಂಗ್ಲಿಷಿನ ಎಂಟು ಸಣ್ಣಕ್ಷರಗಳಿಗೆ ಸುಮಾರು 20,882 ಕೋಟಿ. ದೊಡ್ಡದೆನಿಸುತ್ತದೆ ಅಲ್ಲವೇ? ಆದರೆ ಸೆಕೆಂಡಿಗೆ 100 ಕೋಟಿ ಊಹೆ ಮಾಡುವ ಯಂತ್ರಕ್ಕೆ ಅದು ನಾಲ್ಕು ನಿಮಿಷದ ಕೆಲಸವೂ ಅಲ್ಲ. ಅದೇ ವೇಗದಲ್ಲಿ ಹನ್ನೆರಡು ಅಕ್ಷರಗಳಿಗೆ ಸುಮಾರು ಮೂರು ವರ್ಷ ಬೇಕು. ಹದಿನಾರು ಅಕ್ಷರಗಳಿಗೆ 13 ಲಕ್ಷ ವರ್ಷಗಳಿಗಿಂತ ಹೆಚ್ಚು. ಒಂದೊಂದು ಅಕ್ಷರ ಸೇರಿದಾಗಲೂ ಕೆಲಸ 26 ಪಟ್ಟು ಹೆಚ್ಚುತ್ತದೆ. ಆದರೆ ಅಕ್ಷರಗಳು ಯಾವ ಕ್ರಮವೂ ಇಲ್ಲದೆ ಬಂದಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಹದಿನಾರು ಅಕ್ಷರದ ನಿಮ್ಮ ಪೂರ್ತಿ ಹೆಸರಿಗೆ ಇದು ಅನ್ವಯಿಸುವುದಿಲ್ಲ.

ಕ್ರಮವಿಲ್ಲದ ಅಕ್ಷರಗಳನ್ನು ನೆನಪಿಡುವುದು ಹೇಗೆ? ಪದಗಳ ಸಹಾಯ ಪಡೆಯಬೇಕು. 1995ರಲ್ಲಿ ಆರ್ನಾಲ್ಡ್ ರೈನ್‌ಹೋಲ್ಡ್ ಎಂಬುವರು ಇದಕ್ಕಾಗಿ 7,776 ಪದಗಳ ಪಟ್ಟಿಯೊಂದನ್ನು ಮಾಡಿದರು. ದಾಳವನ್ನು ಐದು ಸಲ ಎಸೆದರೆ ಒಂದು ಪದ ಸಿಗುತ್ತದೆ. ಪದವನ್ನು ಆರಿಸುವುದು ನೀವಲ್ಲ, ದಾಳ. ಆದ್ದರಿಂದ ಅಲ್ಲಿ ನಿಮ್ಮ ಅಭ್ಯಾಸದ ಗುರುತೇ ಇರುವುದಿಲ್ಲ. ಮೇಲೆ ಹೇಳಿದ ವೇಗದಲ್ಲಿ ಇಂತಹ ಐದು ಪದಗಳಿಗೆ ಸುಮಾರು 900 ವರ್ಷ, ಆರು ಪದಗಳಿಗೆ ಸುಮಾರು 70 ಲಕ್ಷ ವರ್ಷ ಬೇಕು. ದಾಳ ಮತ್ತು ಪಟ್ಟಿ ಇಲ್ಲದಿದ್ದರೆ ನಿಘಂಟನ್ನು ಕಣ್ಣು ಮುಚ್ಚಿ ಆರು ಬೇರೆ ಬೇರೆ ಕಡೆ ತೆರೆದು, ಬೆರಳು ಬಿದ್ದ ಪದಗಳನ್ನು ತೆಗೆದುಕೊಳ್ಳಿ. ಉದಾಹರಣೆಗೆ ಏಣಿ, ಮುಂಗುಸಿ, ಶನಿವಾರ, ತಕ್ಕಡಿ, ಬೆಲ್ಲ, ಕೊಡೆ. ಇವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದರ ಹಿಂದೆ ಒಂದು ಬರೆಯಬೇಕು. ಒಂದು ಮುಂಗುಸಿ ಶನಿವಾರ ಏಣಿ ಹತ್ತಿ ಬೆಲ್ಲ ತೂಗಿತೆಂದು ಮಕ್ಕಳು ಕತೆ ಕಟ್ಟಿಕೊಂಡರೆ ಮರೆಯುವುದೇ ಇಲ್ಲ. ಆದರೆ ದಯವಿಟ್ಟು ಇದೇ ಆರು ಪದ ಬಳಸಬೇಡಿ. ಅಚ್ಚಾದ ಮೇಲೆ ಇದು ಗುಟ್ಟಲ್ಲ.

ಇನ್ನು ಕೆಲವು ಎಚ್ಚರಿಕೆಗಳು. ಒಂದೇ ಪಾಸ್‌ವರ್ಡನ್ನು ಕಂಪ್ಯೂಟರಿಗೂ, ಇ-ಮೇಲಿಗೂ, ಬ್ಯಾಂಕಿಗೂ ಹಾಕಬೇಡಿ. ಒಂದು ಕಡೆ ಸೋರಿದರೆ ಎಲ್ಲ ಬಾಗಿಲೂ ತೆರೆದಂತೆ. ಅಷ್ಟೊಂದು ನೆನಪಿಡಲಾಗದಿದ್ದರೆ ಪಾಸ್‌ವರ್ಡ್ ಮ್ಯಾನೇಜರ್ ಎಂಬ ತಂತ್ರಾಂಶ ಬಳಸಿ. ಆಗ ಒಂದು ಉದ್ದನೆಯ ಪಾಸ್‌ವರ್ಡ್ ನೆನಪಿಟ್ಟರೆ ಸಾಕು. ಕಾಗದದಲ್ಲಿ ಬರೆದು ಮನೆಪತ್ರಗಳ ಜೊತೆ ಬೀರುವಿನಲ್ಲಿಟ್ಟರೂ ತಪ್ಪಿಲ್ಲ. ಮಾನಿಟರಿನ ಅಂಚಿಗೆ ಅಂಟಿಸುವುದು ಮಾತ್ರ ಗೋಡೌನಿನ ಕೀಲಿಯನ್ನು ಬಾಗಿಲ ಚೌಕಟ್ಟಿನ ಮೇಲಿಟ್ಟ ಹಾಗೆ. ಕಾರಣವಿಲ್ಲದೆ ತಿಂಗಳು ತಿಂಗಳು ಬದಲಾಯಿಸಬೇಕಾಗಿಲ್ಲ. ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ 2017ರಲ್ಲಿಯೇ ಅಂತಹ ಕಡ್ಡಾಯ ಬೇಡವೆಂದಿತು. ಪದೇ ಪದೇ ಬದಲಾಯಿಸುವವರು ಕೊನೆಯ ಅಂಕಿಯನ್ನಷ್ಟೇ ಬದಲಿಸುತ್ತಾರೆ. ಸೋರಿದೆ ಎಂಬ ಅನುಮಾನ ಬಂದರೆ ಮಾತ್ರ ಆ ದಿನವೇ ಬದಲಿಸಿ. ಇ-ಮೇಲ್ ಖಾತೆಗಳಿಗೆ ಎರಡು ಹಂತದ ಪರಿಶೀಲನೆ ಹಾಕಿ. ಫೋನಿನಲ್ಲಿ ಯಾರು ಕೇಳಿದರೂ ಪಾಸ್‌ವರ್ಡನ್ನಾಗಲಿ ಓಟಿಪಿಯನ್ನಾಗಲಿ ಹೇಳಬೇಡಿ. ಕೇಳಿದವರಿಗೆ ಕೀಲಿ ಕೊಡುವವನಿಗೆ ಎಷ್ಟು ಗಟ್ಟಿ ಬೀಗವಿದ್ದರೇನು?

ಒಂದು ಮಾತನ್ನು ಅನೇಕರು ತಿಳಿದಿಲ್ಲ. ಕಂಪ್ಯೂಟರ್ ತೆರೆಯುವಾಗ ಕೇಳುವ ಪಾಸ್‌ವರ್ಡ್ ಒಂದೇ ಎಲ್ಲವನ್ನೂ ಕಾಯುವುದಿಲ್ಲ. ಹಾರ್ಡ್ ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿದರೆ ಒಳಗಿನ ಕಡತಗಳನ್ನು ಓದಬಹುದು. ಅದಕ್ಕೆ ಡಿಸ್ಕ್ ಎನ್‌ಕ್ರಿಪ್ಷನ್ ಎಂಬ ವ್ಯವಸ್ಥೆಯನ್ನು ಚಾಲೂ ಮಾಡಬೇಕು. ಹೊಸ ಕಂಪ್ಯೂಟರುಗಳಲ್ಲಿ ಹಲವು ಸಲ ಅದು ತಾನಾಗಿಯೇ ಚಾಲೂ ಇರುತ್ತದೆ. ಆಗ ಡಿಸ್ಕಿನ ಬರಹವೆಲ್ಲ ಗುಪ್ತಲಿಪಿಯಾಗುತ್ತದೆ. ಇಂದಿನ ಗುಪ್ತಲಿಪಿ ಅಲ್ ಕಿಂದಿಯವರ ಎಣಿಕೆಗೆ ಬಗ್ಗುವಂಥದ್ದಲ್ಲ. ಅದಕ್ಕೇ ಅದರ ಮರುಪಡೆಯುವ ಕೀಲಿಯನ್ನು ಬರೆದು ಜೋಪಾನವಾಗಿಡಬೇಕು. ಕಳೆದರೆ ನಿಮ್ಮ ಕಡತಗಳು ನಿಮಗೂ ಸಿಗುವುದಿಲ್ಲ. ಮುಖ್ಯವಾದವುಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ಅಲ್ ಕಿಂದಿಯವರ ಪುಸ್ತಕಗಳಿಗಾಗಿ ಸನದರಂತಹ ನ್ಯಾಯವಂತರು ಮಾತಾಡಿದರು. ನಮ್ಮ ಕಳೆದುಹೋದ ಕಡತಕ್ಕಾಗಿ ಮಾತಾಡುವವರು ಯಾರೂ ಬರುವುದಿಲ್ಲ. ಇಸ್ತಾಂಬುಲಿನಲ್ಲಿ ಉಳಿದ ಆ ಒಂದು ಪ್ರತಿಯೇ ನಮಗೆ ಪಾಠವಾಗಲಿ.

ಕೊನೆಯ ಮಾತು

ವಿದ್ಯಾರ್ಥಿ ಮಿತ್ರರೇ, ಅಲ್ ಕಿಂದಿಯವರ ಹೆಸರು ಹೇಳಿ ಹೆಮ್ಮೆಪಡುವುದು ಸುಲಭ. ಅವರಂತೆ ಒಂದು ಪುಟದ ಅಕ್ಷರಗಳನ್ನು ತಾಳ್ಮೆಯಿಂದ ಎಣಿಸಿ ನೋಡುವುದು ಸ್ವಲ್ಪ ಕಷ್ಟ. ಎರಡನೆಯದನ್ನು ಮಾಡಿ ಎಂದು ನನ್ನ ಕೋರಿಕೆ. ಈ ಲೇಖನ ಮುಚ್ಚಿದ ಮೇಲೆ ಎರಡು ಕೆಲಸಗಳಿವೆ. ಒಂದು, ಪಠ್ಯಪುಸ್ತಕದ ಯಾವುದಾದರೂ ಒಂದು ಪುಟ ತೆಗೆದು ಅಕ್ಷರಗಳನ್ನು ಎಣಿಸಿ ಪಟ್ಟಿ ಮಾಡಿ. ಇನ್ನೊಂದು, ಮನೆಯ ಕಂಪ್ಯೂಟರಿನ ಮುಂದೆ ಅಬ್ಬಾ ಅಮ್ಮನನ್ನೂ ಕೂರಿಸಿಕೊಂಡು, ನಿಘಂಟು ತೆರೆದು, ಆರು ಹೊಸ ಪದಗಳ ಬೀಗ ಹಾಕಿ. ನಿಮ್ಮನ್ನು ಚೆನ್ನಾಗಿ ಬಲ್ಲವರಿಗೂ ಅದು ಊಹೆಗೆ ಸಿಗದಿದ್ದರೆ ಪಾಠ ತಲೆಗೆ ಹತ್ತಿದೆ ಎಂದೇ ಅರ್ಥ.